ಬಿಚ್ಚಿ, ಸಾಗಿಸಿ, ಮತ್ತೆ ಕಟ್ಟುವ ಕಥೆ

ಸೀರಿಯಲೈಸೇಶನ್ ಅಂದ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಾಗುವುದು ಸಂಜೆಯ ಟಿವಿ ಧಾರಾವಾಹಿ. ನಾನು ಫೋನಿನಲ್ಲಿ ಆಫೀಸಿನವರ ಜೊತೆ ಈ ಪದವನ್ನು ನಾಲ್ಕಾರು ಸಲ ಹೇಳಿದ್ದನ್ನು ಕೇಳಿಸಿಕೊಂಡ ಅಜ್ಜಿ, "ಯಾವ ಸೀರಿಯಲ್ಲೋ ಅದು, ಯಾವ ಚಾನೆಲ್ಲಲ್ಲಿ ಬರತ್ತೆ?" ಅಂತ ಕೇಳಿಯೂ ಆಗಿದೆ :-) ಧಾರಾವಾಹಿಗೂ ಇದಕ್ಕೂ ಇರುವ ನಂಟು ಇಷ್ಟೇ. ಎರಡೂ ಒಂದಾದ ಮೇಲೆ ಒಂದರಂತೆ ಸಾಲಾಗಿ ಬರುತ್ತವೆ. ಅಲ್ಲಿ ಕಂತುಗಳು, ಇಲ್ಲಿ ಬೈಟುಗಳು.

ಹೊಟ್ಟೆಪಾಡಿಗೆ ಪ್ರೋಗ್ರಾಮ್ ಬರೆಯುವ ನಮ್ಮಂಥವರು ದಿನಕ್ಕೆ ಹತ್ತು ಸಲ ಇದನ್ನು ಬಳಸುತ್ತೇವೆ. ಆದರೆ ಇದರ ಹಿಂದೆ ಇರುವ ಕಥೆಯ ಬಗ್ಗೆ ಯೋಚಿಸುವುದು ಕಡಿಮೆ. ಆ ಕಥೆಯಲ್ಲಿ ಗಲಿವರ್ ಇದ್ದಾನೆ, ಉಪ್ಪಿನಕಾಯಿ ಇದೆ, ಬೆಂಗಳೂರಿನಲ್ಲಿ ಶಾಲೆ ಓದಿದ ಒಬ್ಬರಿದ್ದಾರೆ, ಹದಿನೆಂಟು ವರ್ಷ ಹೆಚ್ಚಿನವರು ತಲೆ ಕೆಡಿಸಿಕೊಳ್ಳದೇ ಬಿಟ್ಟಿದ್ದ ದೊಡ್ಡದೊಂದು ಕಿಂಡಿಯೂ ಇದೆ. ಕಂಪ್ಯೂಟರ್ ಕೆಲಸದವರಲ್ಲದ ಬ್ಲಾಗಿಗರಿಗೂ ಅರ್ಥವಾಗುವ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ. ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡ್ಕೋಬೇಡಿ.

ಮೊದಲು ವಿಷಯ ಏನು ಅಂತ ನೋಡೋಣ. ಬಾಡಿಗೆ ಮನೆ ಬದಲಾಯಿಸಿದವರಿಗೆಲ್ಲ ಗೊತ್ತು, ದೊಡ್ಡ ಮಂಚ ಇದ್ದಂತೆಯೇ ಬಾಗಿಲಲ್ಲಿ ಹೋಗುವುದಿಲ್ಲ. ಕಾಲು, ಅಡ್ಡಪಟ್ಟಿ, ಹಲಗೆ ಎಲ್ಲ ಬಿಚ್ಚಬೇಕು, ಟೆಂಪೋಗೆ ಹಾಕಬೇಕು, ಹೊಸ ಮನೆಯಲ್ಲಿ ಮತ್ತೆ ಜೋಡಿಸಬೇಕು. ಓಡುತ್ತಿರುವ ಪ್ರೋಗ್ರಾಮಿನೊಳಗಿನ ಆಬ್ಜೆಕ್ಟುಗಳೂ ಹೀಗೆಯೇ. ಒಬ್ಬ ಗ್ರಾಹಕ, ಅವನ ಆರ್ಡರುಗಳು, ಪ್ರತಿ ಆರ್ಡರಿನೊಳಗೆ ಸಾಮಾನುಗಳು, ಅವೆಲ್ಲ ಒಂದರ ವಿಳಾಸವನ್ನು ಒಂದು ಹಿಡಿದುಕೊಂಡು ಮೆಮೊರಿಯಲ್ಲಿ ಚದುರಿ ಕೂತಿರುತ್ತವೆ. ಆ ವಿಳಾಸಗಳಿಗೆ ಅರ್ಥ ಇರುವುದು ಆ ಗಣಕದಲ್ಲಿ, ಆ ಹೊತ್ತಿನಲ್ಲಿ ಮಾತ್ರ. ಇದನ್ನು ಕಡತದಲ್ಲಿ ಉಳಿಸಬೇಕಾದರೆ ಅಥವಾ ಇನ್ನೊಂದು ಗಣಕಕ್ಕೆ ಕಳಿಸಬೇಕಾದರೆ ಬಿಚ್ಚಿ ಬೈಟುಗಳ ಒಂದು ಸಾಲು ಮಾಡಬೇಕು. ಅದು ಸೀರಿಯಲೈಸೇಶನ್. ಆ ಸಾಲಿನಿಂದ ಮತ್ತೆ ಆಬ್ಜೆಕ್ಟು ಕಟ್ಟುವುದು ಡೀಸೀರಿಯಲೈಸೇಶನ್.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೇಗೆ ಬಿಚ್ಚಬೇಕು, ಹೇಗೆ ಜೋಡಿಸಬೇಕು ಅಂತ ತೀರ್ಮಾನ ಮಾಡುವವರು ಯಾರು? ಬಿಚ್ಚುವವನೇ? ಜೋಡಿಸುವವನೇ? ಇಲ್ಲಾ ಮಂಚವೇ? ಈ ನಲವತ್ತು ವರ್ಷಗಳ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗಿದೆ ಅಂತ ನನ್ನ ಅನಿಸಿಕೆ.

* * *

ಆರಂಭದ ಜಗಳ ಬಹಳ ಚಿಕ್ಕದು. ಒಂದು ದೊಡ್ಡ ಸಂಖ್ಯೆಯನ್ನು ನಾಲ್ಕು ಬೈಟುಗಳಲ್ಲಿ ಬರೆಯುವಾಗ ದೊಡ್ಡ ತುದಿ ಮೊದಲೋ, ಸಣ್ಣ ತುದಿ ಮೊದಲೋ? ಕೆಲವು ಕಂಪನಿಗಳ ಗಣಕಗಳು ಹೀಗೆ, ಕೆಲವು ಹಾಗೆ. 1980ರ ಏಪ್ರಿಲ್ ಒಂದರಂದು (ಹೌದು, ಮೂರ್ಖರ ದಿನದಂದೇ) ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ ಇದರ ಬಗ್ಗೆ ಒಂದು ಟಿಪ್ಪಣಿ ಬರೆದರು. ಗಲಿವರನ ಕಥೆಯಲ್ಲಿ ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದಲೋ ಅಂತ ಯುದ್ಧವೇ ನಡೆಯುತ್ತದಲ್ಲ, ಅಲ್ಲಿಂದ ಹೆಸರು ತೆಗೆದುಕೊಂಡು ಎರಡು ಗುಂಪುಗಳಿಗೆ ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಅಂತ ಕರೆದರು. ಆ ಹೆಸರುಗಳು ಇವತ್ತಿಗೂ ಉಳಿದಿವೆ. ಅವರು ಹೇಳಿದ್ದು ಸರಳ. ಯಾವ ಪದ್ಧತಿಯಾದರೂ ಸರಿ, ಎಲ್ಲರೂ ಒಂದನ್ನೇ ಒಪ್ಪಿಕೊಳ್ಳಿ.

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು 1987ರಲ್ಲಿ ಪ್ರಕಟಿಸಿದ ಎಕ್ಸ್‌ಡಿಆರ್ ಎಂಬ ನಿಯಮ ಇಂಥ ಒಪ್ಪಂದ. ಎಲ್ಲವೂ ನಾಲ್ಕು ಬೈಟಿನ ತುಂಡುಗಳಲ್ಲಿ, ದೊಡ್ಡ ತುದಿ ಮೊದಲು. ಏನು ಬರುತ್ತದೆ, ಯಾವ ಕ್ರಮದಲ್ಲಿ ಬರುತ್ತದೆ ಅನ್ನುವುದು ಕಳಿಸುವವನಿಗೂ ಪಡೆಯುವವನಿಗೂ ಮೊದಲೇ ಗೊತ್ತಿರಬೇಕು. ಬೈಟುಗಳ ಜೊತೆ "ನಾನು ಇಂಥದ್ದು" ಅನ್ನುವ ಚೀಟಿ ಇರುವುದಿಲ್ಲ. ನಮ್ಮ ಮಂಚದ ಲೆಕ್ಕದಲ್ಲಿ ಹೇಳುವುದಾದರೆ, ಎರಡೂ ಮನೆಯಲ್ಲಿ ಒಬ್ಬನೇ ಆಚಾರಿ. ಯಾವ ಹಲಗೆ ಎಲ್ಲಿಗೆ ಅನ್ನುವುದು ಅವನ ತಲೆಯಲ್ಲಿದೆ. ಇದರಲ್ಲಿ ಬೇಸರದ ಕೆಲಸ ಜಾಸ್ತಿ, ಆದರೆ ಆಶ್ಚರ್ಯಗಳಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

* * *

ತೊಂಬತ್ತರ ದಶಕ ಬಂತು. ಎಲ್ಲೆಡೆ ಆಬ್ಜೆಕ್ಟ್ ಓರಿಯೆಂಟೆಡ್ ಗಾಳಿ. ಬೇಸರದ ಕೆಲಸವನ್ನು ಪ್ರೋಗ್ರಾಮರ್ ಯಾಕೆ ಮಾಡಬೇಕು, ಆಬ್ಜೆಕ್ಟು ತನ್ನನ್ನು ತಾನೇ ಬಿಚ್ಚಿಕೊಂಡು ತಾನೇ ಜೋಡಿಸಿಕೊಂಡರೆ ಆಗದೇ ಅನ್ನುವ ಆಸೆ ಹುಟ್ಟಿತು. ಇದಕ್ಕೆ ಕೆಲವು ಭಾಷೆಗಳವರು ಇಟ್ಟ ಹೆಸರು ಪಿಕಲ್, ಅಂದರೆ ಉಪ್ಪಿನಕಾಯಿ. ಮಾಡ್ಯುಲಾ-3 ಎಂಬ ಭಾಷೆಯಲ್ಲಿ ಈ ಹೆಸರಿತ್ತು, ಪೈಥಾನಿನಲ್ಲಿ ಇವತ್ತಿಗೂ ಇದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಕೆಡದೆ ಇರುತ್ತದಲ್ಲ, ಹಾಗೆ ಆಬ್ಜೆಕ್ಟನ್ನು ಜಾಡಿಗೆ ಹಾಕಿಡುವುದು. (ಹೆಸರಿಟ್ಟವರು ನಮ್ಮ ಕಡೆಯ ಅಪ್ಪೆಮಿಡಿ ತಿಂದಿರಲಿಕ್ಕಿಲ್ಲ, ಆದರೂ ಹೆಸರು ಚೆನ್ನಾಗಿದೆ!)

1996ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಒಂದು ಸಮ್ಮೇಳನದಲ್ಲಿ "ಪಿಕ್ಲಿಂಗ್ ಸ್ಟೇಟ್ ಇನ್ ದ ಜಾವಾ ಸಿಸ್ಟಮ್" ಎಂಬ ಪ್ರಬಂಧ ಬಂತು. ಬರೆದವರು ನಾಲ್ವರು. ಸನ್ ಕಂಪನಿಯ ರೋಜರ್ ರಿಗ್ಸ್, ಜಿಮ್ ವಾಲ್ಡೊ, ಆನ್ ವೋಲ್ರಾತ್ ಮತ್ತು ಆಗ ಜಾರ್ಜಿಯಾ ಟೆಕ್‌ನಲ್ಲಿದ್ದ ಕೃಷ್ಣ ಭರತ್. ಈ ಕೃಷ್ಣ ಭರತ್ ಬೆಂಗಳೂರಿನಲ್ಲಿ ಶಾಲೆ ಓದಿ, ಐಐಟಿ ಮದ್ರಾಸಿನಲ್ಲಿ ಕಲಿತು ಅಮೆರಿಕಕ್ಕೆ ಹೋದವರು. ಮುಂದೆ ಗೂಗಲ್ ನ್ಯೂಸ್ ಕಟ್ಟಿದವರು ಅಂತ ಹೆಚ್ಚಿನವರಿಗೆ ಗೊತ್ತು. ಜಾವಾದ ಉಪ್ಪಿನಕಾಯಿ ಜಾಡಿಯಲ್ಲೂ ಅವರ ಕೈಗುಣ ಇದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

1997ರ ಫೆಬ್ರವರಿಯಲ್ಲಿ ಜಾವಾ 1.1 ಬಂದಾಗ ಈ ವ್ಯವಸ್ಥೆ ಅದರೊಳಗೆ ಸೇರಿತ್ತು. ಆ ಕಾಲಕ್ಕೆ ಇದು ಮಾಯಾಜಾಲ. ನಿಮ್ಮ ಕ್ಲಾಸಿನ ತಲೆಯ ಮೇಲೆ "ಸೀರಿಯಲೈಸಬಲ್" ಅನ್ನುವ ಒಂದು ಪದ ಬರೆದರೆ ಮುಗೀತು. ಆ ಇಂಟರ್ಫೇಸಿನಲ್ಲಿ ಒಂದೇ ಒಂದು ಮೆಥಡ್ಡೂ ಇಲ್ಲ, ಅದು ಬರೀ ಹಣೆಗೆ ಇಟ್ಟ ಬೊಟ್ಟು. ಬೊಟ್ಟು ಕಂಡರೆ ಜಾವಾ ತಾನೇ ಒಳಗಿನದನ್ನೆಲ್ಲ ಬಿಚ್ಚಿ, ಒಂದನ್ನೊಂದು ಸುತ್ತಿ ಹಿಡಿದುಕೊಂಡ ಆಬ್ಜೆಕ್ಟುಗಳನ್ನೂ ಎರಡೆರಡು ಸಲ ಬರೆಯದೆ, ಯಾವ ಕ್ಲಾಸು ಅನ್ನುವ ಹೆಸರಿನ ಸಮೇತ ಸಾಲು ಮಾಡಿಕೊಡುತ್ತಿತ್ತು. ಅತ್ತ ಕಡೆ ಓದಿದರೆ ಆಬ್ಜೆಕ್ಟು ಎದ್ದು ಕೂರುತ್ತಿತ್ತು. ದೂರದ ಗಣಕದಲ್ಲಿರುವ ಆಬ್ಜೆಕ್ಟನ್ನು ಪಕ್ಕದಲ್ಲೇ ಇದ್ದ ಹಾಗೆ ಕರೆಯುವ ಆರ್‌ಎಂಐ ಎಂಬ ತಂತ್ರ ನಿಂತದ್ದು ಇದರ ಮೇಲೆಯೇ.

ಆದರೆ ಎಲ್ಲವನ್ನೂ ಇದ್ದ ಹಾಗೆ ಬರೆದರೆ ಆಗುವುದಿಲ್ಲ. ಪಾಸ್‌ವರ್ಡ್ ಕಡತಕ್ಕೆ ಹೋಗಬಾರದು. ತೆರೆದಿಟ್ಟ ನೆಟ್‌ವರ್ಕ್ ಕನೆಕ್ಷನ್ ಇನ್ನೊಂದು ಗಣಕದಲ್ಲಿ ಕೆಲಸಕ್ಕೆ ಬಾರದು. ಹಾಗಾಗಿ ಜಾವಾದವರು ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳಲು ದಾರಿಗಳನ್ನು ಇಟ್ಟರು. ಬೇಡದ ಫೀಲ್ಡಿನ ಮುಂದೆ "ಟ್ರಾನ್ಸಿಯೆಂಟ್" ಅಂತ ಬರೆದರೆ ಅದನ್ನು ಬಿಟ್ಟು ಉಳಿದದ್ದು ಹೋಗುತ್ತದೆ. ನಿಮ್ಮದೇ ರೀತಿಯಲ್ಲಿ ಬರೆಯಬೇಕೆಂದರೆ "ರೈಟ್‌ಆಬ್ಜೆಕ್ಟ್", ಓದಬೇಕೆಂದರೆ "ರೀಡ್‌ಆಬ್ಜೆಕ್ಟ್" ಎಂಬ ಎರಡು ಮೆಥಡ್ ಬರೆದಿಡಿ, ಜಾವಾ ಹುಡುಕಿಕೊಂಡು ಬಂದು ಅವನ್ನೇ ಕರೆಯುತ್ತದೆ. ಪೂರ್ತಿ ನಾನೇ ನೋಡಿಕೊಳ್ಳುತ್ತೇನೆ ಅನ್ನುವವರಿಗೆ "ಎಕ್ಸ್‌ಟರ್ನಲೈಸಬಲ್". ಮುಂದಿನ ಆವೃತ್ತಿಯಲ್ಲಿ ಇನ್ನೂ ಎರಡು ಬಂದವು. ಹೊರಡುವಾಗ ನನ್ನ ಬದಲಿಗೆ ಇನ್ನೊಬ್ಬನನ್ನು ಕಳಿಸು ಅನ್ನಲು "ರೈಟ್‌ರಿಪ್ಲೇಸ್", ಬಂದ ಮೇಲೆ ಇವನ ಜಾಗದಲ್ಲಿ ಅವನನ್ನು ಕೂರಿಸು ಅನ್ನಲು "ರೀಡ್‌ರಿಸಾಲ್ವ್".

ಗಮನಿಸಿ, ಇಲ್ಲಿ ಒಂದು ದೊಡ್ಡ ಬದಲಾವಣೆ ಆಗಿಹೋಯಿತು. ಬರೆಯುವುದು ಹೇಗೆ ಅನ್ನುವುದನ್ನು ಆಬ್ಜೆಕ್ಟೇ ತೀರ್ಮಾನಿಸುತ್ತದೆ, ಸರಿ. ಜೋಡಿಸುವುದು ಹೇಗೆ ಅನ್ನುವುದೂ ಅದರದ್ದೇ ಕೈಗೆ ಹೋಯಿತು. ಅಷ್ಟು ಮಾತ್ರವಲ್ಲ, ಜೋಡಿಸಬೇಕಾದದ್ದು ಯಾವ ಕ್ಲಾಸಿನ ಆಬ್ಜೆಕ್ಟು ಅನ್ನುವುದನ್ನು ಹೇಳುವುದೂ ಹೊರಗಿನಿಂದ ಬಂದ ಬೈಟುಗಳೇ. ಪಡೆಯುವವನಿಗೆ ಮಾತೇ ಇಲ್ಲ!

* * *

ಮೊದಲು ಕಂಡ ತೊಂದರೆ ಭದ್ರತೆಯದ್ದಲ್ಲ, ಕಾಲದ್ದು. ಜಾಡಿಯಲ್ಲಿಟ್ಟ ಉಪ್ಪಿನಕಾಯಿ ಹಾಗೇ ಇರುತ್ತದೆ, ಪ್ರೋಗ್ರಾಮ್ ಮಾತ್ರ ಬದಲಾಗುತ್ತಾ ಹೋಗುತ್ತದೆ. ಹೋದ ವರ್ಷ ಹಾಕಿಟ್ಟದ್ದನ್ನು ಈ ವರ್ಷದ ಕ್ಲಾಸು ಓದಬಲ್ಲದೇ? ಇದಕ್ಕೆ ಜಾವಾ ಕೊಟ್ಟ ಉತ್ತರ "ಸೀರಿಯಲ್ ವರ್ಶನ್ ಯುಐಡಿ" ಎಂಬ 64 ಬಿಟ್ಟಿನ ಒಂದು ಸಂಖ್ಯೆ. ನೀವೇ ಕೊಡದಿದ್ದರೆ ಕ್ಲಾಸಿನ ಹೆಸರು, ಫೀಲ್ಡು, ಮೆಥಡ್ಡುಗಳನ್ನೆಲ್ಲ ಅರೆದು ಅದೇ ಒಂದು ಸಂಖ್ಯೆ ಮಾಡಿಕೊಳ್ಳುತ್ತದೆ. ಬರೆದಾಗಿನ ಸಂಖ್ಯೆಗೂ ಓದುವಾಗಿನ ಸಂಖ್ಯೆಗೂ ತಾಳೆಯಾಗದಿದ್ದರೆ ಓದುವುದಿಲ್ಲ ಅನ್ನುತ್ತದೆ.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಗ್ರಾಹಕರು ಅರ್ಧ ತುಂಬಿಸಿ ಬಿಟ್ಟ ಅರ್ಜಿಗಳನ್ನೆಲ್ಲ ಹೀಗೆ ಜಾಡಿಗೆ ಹಾಕಿಡುತ್ತಿದ್ದರು. ಒಂದು ರಾತ್ರಿ ಹೊಸ ಆವೃತ್ತಿ ಹಾಕಿದರು. ಬೆಳಗ್ಗೆ ಒಂದು ಅರ್ಜಿಯೂ ತೆರೆಯಲಿಲ್ಲ. ಡೇಟಾ ಅಷ್ಟೂ ಡಿಸ್ಕಿನಲ್ಲಿತ್ತು, ಒಂದು ಬೈಟೂ ಹಾಳಾಗಿರಲಿಲ್ಲ. ಆದದ್ದಿಷ್ಟೇ, ಆ ಕ್ಲಾಸಿಗೆ ಯಾವುದೋ ತಂಡದವರು ಸಣ್ಣ ಒಂದು ಮೆಥಡ್ ಸೇರಿಸಿದ್ದರು. ಒಂದೇ ಒಂದು ಫೀಲ್ಡೂ ಬದಲಾಗಿರಲಿಲ್ಲ! ಆದರೂ ಅರೆದ ಸಂಖ್ಯೆ ಬೇರೆ ಬಂತು. ಹಳೆಯ ಸಂಖ್ಯೆಯನ್ನು ಹುಡುಕಿ ತೆಗೆದು ಕ್ಲಾಸಿನಲ್ಲಿ ಕೈಯಿಂದ ಬರೆದ ಮೇಲೆ ಎಲ್ಲ ತೆರೆದವು. ಅಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಜೋಶುವಾ ಬ್ಲಾಕ್ 2001ರಲ್ಲಿ ಬರೆದ "ಎಫೆಕ್ಟಿವ್ ಜಾವಾ" ಪುಸ್ತಕದಲ್ಲಿ ಸೀರಿಯಲೈಸೇಶನ್‌ಗೆ ಒಂದು ಅಧ್ಯಾಯವೇ ಇದೆ. ಅದರ ಸಾರಾಂಶ ನನ್ನ ಮಾತಿನಲ್ಲಿ ಹೇಳುವುದಾದರೆ, ಬೊಟ್ಟು ಇಡುವುದು ಸುಲಭ, ಇಟ್ಟ ಮೇಲೆ ನಿಮ್ಮ ಕ್ಲಾಸಿನ ಒಳಗುಟ್ಟೆಲ್ಲ ಊರಿನ ಆಸ್ತಿ. ಖಾಸಗಿ ಫೀಲ್ಡುಗಳೂ ಒಪ್ಪಂದದ ಭಾಗವಾಗಿಬಿಡುತ್ತವೆ. ಇನ್ನೊಂದು ಮುಖ್ಯ ವಿಷಯ. ಜಾವಾ ಹೀಗೆ ಆಬ್ಜೆಕ್ಟು ಕಟ್ಟುವಾಗ ಆ ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಕರೆಯುವುದೇ ಇಲ್ಲ. "ಆರಂಭದ ದಿನಾಂಕ ಕೊನೆಯ ದಿನಾಂಕಕ್ಕಿಂತ ಮುಂಚೆ ಇರಬೇಕು" ಅಂತ ನೀವು ಮುಂಬಾಗಿಲಲ್ಲಿ ಕಾವಲು ಇಟ್ಟಿದ್ದರೆ, ಇವರು ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಾರೆ. ಅಲ್ಲೂ ಕಾವಲು ಇಡುವುದು ನಿಮ್ಮ ಜವಾಬ್ದಾರಿ. ಎಷ್ಟು ಜನ ಇಟ್ಟರು ಅಂತ ಕೇಳಬೇಡಿ.

* * *

ಇತ್ತ ವೆಬ್ ಲೋಕದಲ್ಲಿ ಬೇರೆಯೇ ಕಥೆ. 1998ರಲ್ಲಿ ಎಕ್ಸ್‌ಎಂಎಲ್ ಬಂತು. ಓದಲು ಬರುವ ಅಕ್ಷರಗಳಲ್ಲೇ ಡೇಟಾ ಇರಲಿ ಅನ್ನುವುದು ಒಳ್ಳೆಯ ವಿಚಾರ. ಆದರೆ ಅದರ ಮೇಲೆ ಕಟ್ಟಿದ ಸೋಪ್ ಮುಂತಾದ ನಿಯಮಗಳು ಬೆಳೆಯುತ್ತಾ ಬೆಳೆಯುತ್ತಾ ಊಟಕ್ಕಿಂತ ಉಪ್ಪಿನಕಾಯಿ ಜಾಸ್ತಿ ಅನ್ನುವ ಹಾಗಾಯಿತು.

2001ರಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್ ಎಂಬಿಬ್ಬರು ಜಾವಾಸ್ಕ್ರಿಪ್ಟಿನಲ್ಲಿ ಆಗಲೇ ಇದ್ದ ಬರವಣಿಗೆಯ ರೀತಿಯನ್ನೇ ಡೇಟಾ ಕಳಿಸಲು ಬಳಸಿದರು. ಅದೇ ಜೇಸನ್. ಕ್ರಾಕ್‌ಫರ್ಡ್ ತಾನು ಅದನ್ನು ಸೃಷ್ಟಿಸಲಿಲ್ಲ, ಕಂಡುಕೊಂಡೆ ಅಷ್ಟೇ ಅನ್ನುತ್ತಾರೆ. ಅದರಲ್ಲಿರುವುದು ಸ್ಟ್ರಿಂಗು, ಸಂಖ್ಯೆ, ಹೌದು, ಅಲ್ಲ, ಖಾಲಿ, ಪಟ್ಟಿ ಮತ್ತು ಹೆಸರು-ಬೆಲೆಗಳ ಗಂಟು. ಅಷ್ಟೇ. ದಿನಾಂಕ ಇಲ್ಲ. ಕ್ಲಾಸಿನ ಹೆಸರು ಇಲ್ಲ. ಒಂದನ್ನೊಂದು ಸುತ್ತಿ ಹಿಡಿಯುವ ವಿಳಾಸ ಇಲ್ಲ. ಮೊದಲು ಟಿಪ್ಪಣಿ ಬರೆಯಲು ಅವಕಾಶ ಇತ್ತು. ಜನ ಆ ಟಿಪ್ಪಣಿಯೊಳಗೆ "ಇದನ್ನು ಹೀಗೆ ಓದು" ಅಂತ ಆದೇಶಗಳನ್ನು ತುರುಕಲು ಶುರು ಮಾಡಿದ್ದು ನೋಡಿ ಕ್ರಾಕ್‌ಫರ್ಡ್ ಟಿಪ್ಪಣಿಯನ್ನೇ ಕಿತ್ತುಹಾಕಿದರು. ಹೀಗಂತ ಅವರೇ 2012ರಲ್ಲಿ ಬರೆದುಕೊಂಡಿದ್ದಾರೆ. ಇದು ಹಟ ಅಂತ ಅನಿಸಬಹುದು. ನನಗೆ ಇಡೀ ಇತಿಹಾಸದಲ್ಲೇ ಅತಿ ಜಾಣ ನಿರ್ಧಾರ ಅಂತ ಅನಿಸುತ್ತದೆ. ಡೇಟಾ ತನ್ನನ್ನು ಹೇಗೆ ಓದಬೇಕು ಅಂತ ಓದುಗನಿಗೆ ಅಪ್ಪಣೆ ಮಾಡಬಾರದು.

ಇರಲಿ. ದಿನಾಂಕವೇ ಇಲ್ಲದ ಮೇಲೆ ದಿನಾಂಕ ಕಳಿಸುವುದು ಹೇಗೆ? 2009ರ ಡಿಸೆಂಬರಿನಲ್ಲಿ ಬಂದ ಜಾವಾಸ್ಕ್ರಿಪ್ಟಿನ ಐದನೇ ಆವೃತ್ತಿಯ ನಿಯಮಾವಳಿಯಲ್ಲಿ ಜೇಸನ್ ಬರೆಯುವ, ಓದುವ ವ್ಯವಸ್ಥೆ ಭಾಷೆಯೊಳಗೇ ಬಂತು. ಅಲ್ಲಿ ಬರೆಯುವಾಗ ಆಬ್ಜೆಕ್ಟಿಗೆ "ಟು-ಜೇಸನ್" ಎಂಬ ಮೆಥಡ್ ಇದ್ದರೆ ಅದನ್ನು ಕೇಳುತ್ತಾರೆ, ಅಂದರೆ ನಾನು ಹೇಗೆ ಕಾಣಬೇಕು ಅಂತ ಆಬ್ಜೆಕ್ಟೇ ಹೇಳಬಹುದು. ಓದುವಾಗ ಮಾತ್ರ "ರಿವೈವರ್" ಎಂಬ ಫಂಕ್ಷನ್ನನ್ನು ಓದುವವನು ಕೊಡಬೇಕು. ಕೊಡದಿದ್ದರೆ ಬಂದ ಅಕ್ಷರ ಅಕ್ಷರವಾಗಿಯೇ ಇರುತ್ತದೆ. ಪೈಥಾನಿನ ಜೇಸನ್ ಮಾಡ್ಯೂಲಿನಲ್ಲೂ (2008ರಲ್ಲಿ ಆವೃತ್ತಿ 2.6ಕ್ಕೆ ಸೇರಿದ್ದು) ಹೀಗೆಯೇ. ಬರೆಯಲು "ಡಿಫಾಲ್ಟ್", ಓದಲು "ಆಬ್ಜೆಕ್ಟ್ ಹುಕ್", ಆ ಹುಕ್ಕು ಓದುವವನ ಕೈಯಲ್ಲೇ. 1997ರಲ್ಲಿ ಮಂಚದ ಕೈಗೆ ಹೋಗಿದ್ದ ಅಧಿಕಾರ ಮತ್ತೆ ಆಚಾರಿಯ ಕೈಗೆ ಬಂತು.

ತೊಂದರೆ ಇಲ್ಲವೇ? ಇದೆ. ಜಾವಾಸ್ಕ್ರಿಪ್ಟಿನ ದಿನಾಂಕ ತನ್ನನ್ನು ಗ್ರೀನಿಚ್ ಸಮಯದಲ್ಲಿ ಬರೆದುಕೊಳ್ಳುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನೀವು ಬೆಂಗಳೂರಿನಲ್ಲಿ ಕೂತು ನವೆಂಬರ್ 1, ನಡುರಾತ್ರಿ 12 ಗಂಟೆ ಅಂತ ಬರೆದರೆ ಜೇಸನ್ನಿನಲ್ಲಿ ಹೋಗುವುದು ಅಕ್ಟೋಬರ್ 31, ಸಂಜೆ 6.30. ಅತ್ತ ಕಡೆಯವನು ದಿನಾಂಕದ ಭಾಗವನ್ನು ಮಾತ್ರ ಕತ್ತರಿಸಿಕೊಂಡರೆ ರಾಜ್ಯೋತ್ಸವ ಒಂದು ದಿನ ಮುಂಚೆಯೇ ಬಂದುಬಿಡುತ್ತದೆ! ಹುಟ್ಟಿದ ದಿನ ಒಂದು ದಿನ ಹಿಂದಕ್ಕೆ ಹೋಗುವ ತಂತ್ರಾಂಶಗಳನ್ನು ನೀವೂ ನೋಡಿರಬಹುದು, ಕಾರಣ ಬಹಳ ಸಲ ಇದೇ. ಸಂಖ್ಯೆಗಳದ್ದೂ ಇಂಥದ್ದೇ ಕಥೆ. ಜಾವಾಸ್ಕ್ರಿಪ್ಟಿನ ಮಾಮೂಲಿ ಸಂಖ್ಯೆ 53 ಬಿಟ್‌ಗಿಂತ ದೊಡ್ಡ ಪೂರ್ಣಾಂಕವನ್ನು ನಿಖರವಾಗಿ ಹಿಡಿಯಲಾರದು. 2010ರಲ್ಲಿ ಟ್ವಿಟರಿನವರು 64 ಬಿಟ್ಟಿನ ಗುರುತುಸಂಖ್ಯೆಗೆ ಹೋದಾಗ, ಕೊನೆಯ ಅಂಕಿಗಳು ಹಾಳಾಗಬಾರದು ಅಂತ ಅದೇ ಸಂಖ್ಯೆಯನ್ನು ಸ್ಟ್ರಿಂಗ್ ರೂಪದಲ್ಲೂ ಕೊಡಬೇಕಾಯಿತು. ಬಡ ಭಾಷೆಯಲ್ಲಿ ಮಾತಾಡಬೇಕಾದರೆ ಎರಡೂ ಕಡೆಯವರು ಕೂತು ಒಪ್ಪಂದ ಮಾಡಿಕೊಳ್ಳಲೇಬೇಕು. ಆದರೆ ಈ ತಪ್ಪುಗಳು ಕಣ್ಣಿಗೆ ಕಾಣುವ ತಪ್ಪುಗಳು.

* * *

ಕನ್ನಡದಲ್ಲಿ ಬ್ಲಾಗು ಬರೆಯುವವರಿಗೆ ಈ ಒಪ್ಪಂದದ ಮಹತ್ವ ಬೇರೆ ಹೇಳಬೇಕಾಗಿಲ್ಲ. ಯೂನಿಕೋಡ್‌ಗೆ ಮುಂಚೆ ನುಡಿ, ಬರಹ, ಶ್ರೀಲಿಪಿಗಳ ಫಾಂಟುಗಳಲ್ಲಿ ಬರೆದ ಕಡತದೊಳಗೆ ಇದ್ದದ್ದು ಅಕ್ಷರವಲ್ಲ, ಅಕ್ಷರದ ತುಂಡುಗಳ ಸಂಕೇತ. ಕನ್ನಡ ಕಾಣುತ್ತಿದ್ದದ್ದು ಫಾಂಟಿನ ದಯೆಯಿಂದ. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬಿಚ್ಚಿದ ರೀತಿ ಜೋಡಿಸುವವನಿಗೆ ಗೊತ್ತಿಲ್ಲದಿದ್ದರೆ ಆಗುವುದು ಇದೇ ಅಲ್ವಾ?

ಯೂನಿಕೋಡ್‌ನಲ್ಲಿ "ಕನ್ನಡ" ಅನ್ನುವ ಪದ ಐದು ಸಂಖ್ಯೆಗಳು: 3221, 3240, 3277, 3240, 3233. (ಮಧ್ಯದ 3277 ನಮ್ಮ ಹಲಂತ, ಅದರ ಎರಡೂ ಪಕ್ಕ ಒಂದೇ ನ.) ಇದನ್ನು ಯುಟಿಎಫ್-8ರಲ್ಲಿ ಬರೆದರೆ ಒಂದೊಂದಕ್ಕೆ ಮೂರರಂತೆ 15 ಬೈಟು. ಪೈಥಾನಿನ ಜೇಸನ್ ಮಾತ್ರ ನೀವು ಏನೂ ಹೇಳದಿದ್ದರೆ ಪ್ರತಿ ಸಂಕೇತವನ್ನೂ ಒಂದು ಓರೆಗೆರೆ, ಒಂದು ಯು, ನಾಲ್ಕು ಅಂಕಿಗಳಾಗಿ ಬಿಡಿಸಿ ಬರೆಯುತ್ತದೆ. ಅಲ್ಲಿಗೆ 30 ಅಕ್ಷರ. ಓದಿದ ಮೇಲೆ ಎರಡೂ ಒಂದೇ ಕನ್ನಡ, ಅರ್ಥಕ್ಕೆ ಕುಂದಿಲ್ಲ. ಆದರೆ ಕಡತ ತೆರೆದು ನೋಡಿದವನಿಗೆ ಒಂದರಲ್ಲಿ ಕನ್ನಡ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. "ಎನ್ಶೂರ್ ಆಸ್ಕಿ" ಅನ್ನುವ ಆಯ್ಕೆಗೆ ಫಾಲ್ಸ್ ಅಂತ ಕೊಟ್ಟರೆ ಕನ್ನಡ ಕನ್ನಡವಾಗಿಯೇ ಇರುತ್ತದೆ. ಕನ್ನಡದ ಡೇಟಾ ಇಟ್ಟುಕೊಂಡು ಕೆಲಸ ಮಾಡುವ ಹುಡುಗರಿಗೆಲ್ಲ ನಾನು ಮೊದಲು ಹೇಳಿಕೊಡುವುದು ಇದನ್ನೇ. 2017ರ ಡಿಸೆಂಬರಿನಲ್ಲಿ ಬಂದ ಜೇಸನ್ ನಿಯಮಾವಳಿ, ಹೊರಗಿನವರ ಜೊತೆ ವಿನಿಮಯ ಮಾಡುವಾಗ ಯುಟಿಎಫ್-8 ಅನ್ನೇ ಬಳಸಬೇಕು ಅಂತ ಕಡ್ಡಾಯ ಮಾಡಿತು.

* * *

ಈಗ ಆ ದೊಡ್ಡ ಕಿಂಡಿಯ ವಿಷಯಕ್ಕೆ ಬರೋಣ.

2015ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಭದ್ರತಾ ಸಮ್ಮೇಳನದಲ್ಲಿ ಕ್ರಿಸ್ ಫ್ರೋಹಾಫ್ ಮತ್ತು ಗೇಬ್ರಿಯಲ್ ಲಾರೆನ್ಸ್ ಎಂಬಿಬ್ಬರು "ಮಾರ್ಷಲಿಂಗ್ ಪಿಕಲ್ಸ್" ಅಂತ ಉಪನ್ಯಾಸ ಕೊಟ್ಟರು. ಅದೇ ಉಪ್ಪಿನಕಾಯಿ! ಅವರು ತೋರಿಸಿದ್ದು ಇಷ್ಟು. ಜಾವಾ ಬೈಟುಗಳನ್ನು ಓದುವಾಗ ಅದರಲ್ಲಿ ಬರೆದಿರುವ ಕ್ಲಾಸಿನ ಹೆಸರು ನೋಡಿ ಆ ಆಬ್ಜೆಕ್ಟನ್ನು ಕಟ್ಟುತ್ತದೆ. ಕಟ್ಟುವಾಗ ಆ ಕ್ಲಾಸಿನವರು ಬರೆದಿಟ್ಟ ರೀಡ್‌ಆಬ್ಜೆಕ್ಟ್ ಓಡುತ್ತದೆ. ಇದೆಲ್ಲ ಮುಗಿದ ಮೇಲೆ ನಿಮ್ಮ ಪ್ರೋಗ್ರಾಮ್ "ಇದು ನನಗೆ ಬೇಕಾದ ಆರ್ಡರೇ ಹೌದೇ?" ಅಂತ ಪರೀಕ್ಷೆ ಮಾಡುತ್ತದೆ. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ.

ಇದರಲ್ಲಿ ಕಳ್ಳ ಹೊರಗಿನಿಂದ ಯಾವ ಆಯುಧವನ್ನೂ ತರುವುದಿಲ್ಲ ಅನ್ನುವುದೇ ಸ್ವಾರಸ್ಯ. ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಅಂತ ಒಂದು ಸಜ್ಜನ ಲೈಬ್ರರಿ ಇದೆ, ಆಗ ಅಸಂಖ್ಯ ಪ್ರಾಜೆಕ್ಟುಗಳು ಬಳಸುತ್ತಿದ್ದವು. ಅದರಲ್ಲಿ ಒಂದು ಮೆಥಡ್ಡಿನ ಹೆಸರು ಇಟ್ಟುಕೊಂಡು ಸಮಯ ಬಂದಾಗ ಅದನ್ನು ಕರೆಯುವ ಒಂದು ಉಪಕಾರಿ ಕ್ಲಾಸು ಇತ್ತು. ಇಂಥ ನಾಲ್ಕೈದು ನಿರಪರಾಧಿ ಕ್ಲಾಸುಗಳನ್ನು ಒಂದಕ್ಕೊಂದು ಪೋಣಿಸಿದರೆ, ಮೊದಲನೆಯದು ಎರಡನೆಯದನ್ನು ಎಬ್ಬಿಸಿ, ಎರಡನೆಯದು ಮೂರನೆಯದನ್ನು ಎಬ್ಬಿಸಿ, ಕೊನೆಗೆ ಸರ್ವರಿನ ಮೇಲೆ ಕಳ್ಳ ಹೇಳಿದ ಕಮಾಂಡ್ ಓಡುತ್ತದೆ. ಮನೆಯ ಏಣಿ, ಮನೆಯ ಹಾರೆ, ಮನೆಯದೇ ಆಳು. ಕಳ್ಳ ಕಳಿಸುವುದು ಒಂದು ಚೀಟಿ ಮಾತ್ರ. ಆಳು ಚೀಟಿಯಲ್ಲಿ ಬರೆದಿದ್ದನ್ನು ಯಾಕೆ ಅಂತ ಕೇಳದೆ ಮಾಡುತ್ತಾನೆ.

ಆ ಉಪನ್ಯಾಸ ಹೆಚ್ಚು ಸದ್ದು ಮಾಡಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಫಾಕ್ಸ್‌ಗ್ಲೋವ್ ಸೆಕ್ಯುರಿಟಿ ಎಂಬ ಸಂಸ್ಥೆಯ ಸ್ಟೀಫನ್ ಬ್ರೀನ್, ಇದೇ ತಂತ್ರದಿಂದ ವೆಬ್‌ಲಾಜಿಕ್, ವೆಬ್‌ಸ್ಪಿಯರ್, ಜೆಬಾಸ್, ಜೆಂಕಿನ್ಸ್ ಮುಂತಾದ ಘಟಾನುಘಟಿ ಸರ್ವರುಗಳಿಗೆ ನುಗ್ಗುವುದನ್ನು ಬರೆದು ತೋರಿಸಿದಾಗ ಎಲ್ಲರೂ ಎದ್ದು ಕೂತರು. ಜಾವಾದ ಈ ಬೈಟುಗಳ ಸಾಲು ಯಾವಾಗಲೂ 172, 237 ಎಂಬ ಎರಡು ಬೈಟುಗಳಿಂದಲೇ ಶುರುವಾಗುತ್ತದೆ. ನೆಟ್‌ವರ್ಕಿನಲ್ಲಿ ಅವನ್ನು ಕಂಡರೆ ಇಲ್ಲೊಂದು ಜಾಡಿ ಇದೆ ಅಂತ ಗುರುತು ಸಿಕ್ಕಂತೆ.

ಜಾವಾ ಒಂದನ್ನೇ ಬೈದು ಪ್ರಯೋಜನವಿಲ್ಲ. ಪೈಥಾನಿನ ಪಿಕಲ್‌ನಲ್ಲಿ "ರೆಡ್ಯೂಸ್" ಎಂಬ ವಿಶೇಷ ಮೆಥಡ್ ಇದೆ. ನನ್ನನ್ನು ಮತ್ತೆ ಕಟ್ಟಲು ಈ ಫಂಕ್ಷನ್ನನ್ನು ಈ ಬೆಲೆಗಳ ಜೊತೆ ಕರೆಯಿರಿ ಅಂತ ಆಬ್ಜೆಕ್ಟು ಅಲ್ಲಿ ಬರೆದಿಡಬಹುದು. ಯಾವ ಫಂಕ್ಷನ್ ಅಂತ ಹೇಳುವ ಸ್ವಾತಂತ್ರ್ಯ ಬೈಟುಗಳಿಗೇ ಇದ್ದ ಮೇಲೆ ಪೋಣಿಸುವ ಕಷ್ಟವೂ ಬೇಡ. ನಂಬಿಕೆಯಿಲ್ಲದ ಕಡೆಯಿಂದ ಬಂದ ಪಿಕಲ್ ತೆರೆಯಬೇಡಿ ಅಂತ ಪೈಥಾನಿನವರೇ ಕೈಪಿಡಿಯಲ್ಲಿ ಎಚ್ಚರಿಸುತ್ತಾರೆ. ರೂಬಿ ಆನ್ ರೈಲ್ಸ್‌ನಲ್ಲಿ 2013ರ ಜನವರಿಯಲ್ಲಿ ಸಿಕ್ಕ ದೊಡ್ಡ ದೋಷವೂ ಇದೇ ಜಾತಿಯದು, ಹೊರಗಿನಿಂದ ಬಂದ ಎಕ್ಸ್‌ಎಂಎಲ್ ಒಳಗೆ ಯಾಮಲ್ ತುರುಕಿ ಬೇಕಾದ ಕ್ಲಾಸಿನ ಆಬ್ಜೆಕ್ಟು ಕಟ್ಟಿಸಬಹುದಿತ್ತು. ಇನ್ನು ಲಿಸ್ಪ್ ಭಾಷೆಯವರಿಗೆ ಈ ಅಪಾಯ ಹಿಂದೆಯೇ ಗೊತ್ತಿತ್ತು. ಓದುವಾಗಲೇ ಲೆಕ್ಕ ಮಾಡುವ ಸೌಲಭ್ಯ ಅಲ್ಲೂ ಇದೆ, ಅದನ್ನು ಆಫ್ ಮಾಡುವ ಗುಂಡಿಯನ್ನೂ ಅವರು ಪಕ್ಕದಲ್ಲೇ ಇಟ್ಟಿದ್ದರು.

ಅತಿ ಬೇಸರದ ಭಾಗ ಇನ್ನೊಂದಿದೆ. ಕ್ಲಾಸಿನ ಹೆಸರೇ ಇಲ್ಲದ ಜೇಸನ್ ಇದರಿಂದ ಪಾರಾಗಿತ್ತಲ್ಲ? ಜಾವಾದಲ್ಲಿ ಜೇಸನ್ ಓದಲು ಬಳಸುವ ಜ್ಯಾಕ್ಸನ್ ಎಂಬ ಜನಪ್ರಿಯ ಲೈಬ್ರರಿಯಲ್ಲಿ "ಡಿಫಾಲ್ಟ್ ಟೈಪಿಂಗ್" ಅಂತ ಒಂದು ಅನುಕೂಲ ಇತ್ತು. ಅದನ್ನು ಆನ್ ಮಾಡಿದರೆ ಜೇಸನ್ನಿನೊಳಗೇ ಕ್ಲಾಸಿನ ಹೆಸರು ಬರೆದು ಕಳಿಸಬಹುದು. ಹಳೇ ಕಿಂಡಿ ಮತ್ತೆ ತೆರೆಯಿತು. 2017ರಿಂದ ಒಂದರ ಹಿಂದೆ ಒಂದು ದೋಷ. ಅಪಾಯಕಾರಿ ಕ್ಲಾಸುಗಳ ಪಟ್ಟಿ ಮಾಡಿ ತಡೆಯುತ್ತಾ ಹೋದರು, ಪಟ್ಟಿ ಬೆಳೆಯುತ್ತಲೇ ಹೋಯಿತು. ಕೊನೆಗೆ 2019ರ 2.10 ಆವೃತ್ತಿಯಲ್ಲಿ ಲೆಕ್ಕಾಚಾರವನ್ನೇ ತಿರುಗಿಸಿದರು. ಯಾರು ಬರಬಾರದು ಅಂತಲ್ಲ, ಯಾರು ಬರಬಹುದು ಅಂತ ಓದುವವನೇ ಹೇಳಬೇಕು. ಮದುವೆ ಮನೆಗೆ ಕರೆಯದವರ ಪಟ್ಟಿ ಯಾರಾದರೂ ಮಾಡುತ್ತಾರೆಯೇ? ಕರೆಯುವವರ ಪಟ್ಟಿಯನ್ನಲ್ಲವೇ ಮಾಡುವುದು!

* * *

2018ರಲ್ಲಿ ಜಾವಾದ ಮುಖ್ಯ ವಾಸ್ತುಶಿಲ್ಪಿ ಮಾರ್ಕ್ ರೀನ್‌ಹೋಲ್ಡ್, ಸೀರಿಯಲೈಸೇಶನ್ ಸೇರಿಸಿದ್ದು 1997ರಲ್ಲಿ ಮಾಡಿದ ಘೋರ ತಪ್ಪು ಅಂತ ಬಹಿರಂಗವಾಗಿ ಹೇಳಿದರು. ಹಾಗಂತ ಅದನ್ನು ಕಿತ್ತು ಬಿಸಾಡಲು ಆಗಲಿಲ್ಲ, ಅಷ್ಟು ಜಾಡಿಗಳು ಅಷ್ಟು ಕಡೆ ಇವೆ. ಬದಲಿಗೆ ಒಂದೊಂದೇ ಬೇಲಿ ಹಾಕಿದರು. 2017ರ ಜಾವಾ 9ರಲ್ಲಿ ಓದುವವನು ಯಾವ ಕ್ಲಾಸಿಗೆ ಒಪ್ಪಿಗೆ ಅಂತ ಹೇಳುವ ಸೋಸುಬಟ್ಟೆ ಬಂತು. 2021ರ ಜಾವಾ 16ರಲ್ಲಿ ಖಾಯಂ ಆದ "ರೆಕಾರ್ಡ್" ಎಂಬ ಹೊಸ ಬಗೆಯ ಕ್ಲಾಸುಗಳನ್ನು ಹೀಗೆ ಕಟ್ಟುವಾಗ ಕನ್‌ಸ್ಟ್ರಕ್ಟರ್ ಮೂಲಕವೇ ಬರಬೇಕು, ರೀಡ್‌ಆಬ್ಜೆಕ್ಟ್ ಬರೆದಿಟ್ಟರೂ ಅದನ್ನು ಕೇಳುವುದಿಲ್ಲ. ಹಿತ್ತಲ ಬಾಗಿಲು ಮುಚ್ಚಿತು, ಎಲ್ಲರೂ ಮುಂಬಾಗಿಲಲ್ಲೇ ಬನ್ನಿ. ಮೈಕ್ರೋಸಾಫ್ಟಿನವರು ತಮ್ಮ ಡಾಟ್‌ನೆಟ್‌ನ ಬೈನರಿ ಫಾರ್ಮ್ಯಾಟರನ್ನು 2020ರಲ್ಲಿ ಹಳತು ಅಂತ ಸಾರಿ, 2024ರ ಆವೃತ್ತಿ 9ರಲ್ಲಿ ತೆಗೆದೇಬಿಟ್ಟರು.

ಇದೆಲ್ಲ ಹಳೇ ಕಥೆ, ಈಗೇಕೆ ಅಂತ ಕೇಳಬಹುದು. ಕೃತಕ ಬುದ್ಧಿಮತ್ತೆಯ ಮಾಡೆಲ್ಲುಗಳನ್ನು ಜನ ಎಲ್ಲೆಲ್ಲಿಂದಲೋ ಇಳಿಸಿಕೊಂಡು ತೆರೆಯುತ್ತಾರಲ್ಲ, ಪೈಟಾರ್ಚ್‌ನಲ್ಲಿ ಆ ಕಡತಗಳು ಬಹುಕಾಲ ಪೈಥಾನಿನ ಪಿಕಲ್ಲುಗಳೇ. ಒಳಗೆ ಬರೀ ಕೋಟ್ಯಂತರ ಸಂಖ್ಯೆಗಳು ಅಂತ ನೀವು ಅಂದುಕೊಂಡಿರುತ್ತೀರಿ, ಆದರೆ ತೆರೆಯುವಾಗ ಏನು ಬೇಕಾದರೂ ಓಡಬಹುದು. 2022ರಲ್ಲಿ ಹಗ್ಗಿಂಗ್ ಫೇಸ್‌ನವರು ಸಂಖ್ಯೆಗಳನ್ನು ಮಾತ್ರ ಇಡುವ ಸೇಫ್‌ಟೆನ್ಸರ್ಸ್ ಎಂಬ ಬಡ ರೂಪವನ್ನು ತಂದರು. 2025ರ ಜನವರಿಯಲ್ಲಿ ಬಂದ ಪೈಟಾರ್ಚ್ 2.6, ಬೇರೆ ಹೇಳದಿದ್ದರೆ ತೂಕಗಳನ್ನಷ್ಟೇ ಓದು ಅನ್ನುವುದನ್ನು ಮಾಮೂಲಿ ನಡವಳಿಕೆ ಮಾಡಿತು. ಅದೇ ಪಾಠ, ಹೊಸ ತರಗತಿ.

ನನಗೆ ಈ ಇತಿಹಾಸದಲ್ಲಿ ಇಷ್ಟವಾಗುವುದು ಇದರಲ್ಲಿ ಖಳನಾಯಕರಿಲ್ಲ ಅನ್ನುವುದು. 1996ರ ಆ ನಾಲ್ವರು ಬುದ್ಧಿವಂತರು. ಪ್ರೋಗ್ರಾಮರನ ಬೇಸರ ಕಳೆಯಬೇಕು ಅನ್ನುವುದು ಒಳ್ಳೆಯ ಉದ್ದೇಶವೇ. ಕಾಮನ್ಸ್ ಕಲೆಕ್ಷನ್ಸ್ ಬರೆದವರೂ ಉಪಕಾರವನ್ನೇ ಮಾಡಿದ್ದು. ಒಂದೇ ಒಂದು ಅಧಿಕಾರ ತಪ್ಪು ಕೈಗೆ ಹೋಯಿತು ಅಷ್ಟೇ. ಹೊರಡುವವನು ತಾನು ಹೇಗೆ ಕಾಣಬೇಕು ಅಂತ ಹೇಳಲಿ. ಆದರೆ ಮನೆಯೊಳಗೆ ಯಾರನ್ನು ಬಿಡಬೇಕು, ಎಲ್ಲಿ ಕೂರಿಸಬೇಕು ಅನ್ನುವುದು ಮನೆಯವರ ಮಾತಾಗಿರಬೇಕು. ಬೇಸರದ ಕೆಲಸ ಅಂತ ಬಿಟ್ಟುಕೊಟ್ಟದ್ದು ಆ ಮಾತನ್ನೇ. ಎಕ್ಸ್‌ಡಿಆರ್ ಕಾಲದ ಆಚಾರಿ ಸುಮ್ಮನೆ ತಲೆಯಲ್ಲಿಟ್ಟುಕೊಂಡಿದ್ದನ್ನು ಮತ್ತೆ ಪಡೆಯಲು ನಮಗೆ ಮೂವತ್ತು ವರ್ಷ ಬೇಕಾಯಿತು.

ಪ್ರೋಗ್ರಾಮ್ ಬರೆಯುವ ಗೆಳೆಯರೇ, ನಾಳೆ ಆಫೀಸಿಗೆ ಹೋದಾಗ ನಿಮ್ಮ ಕೋಡಿನಲ್ಲಿ ಹೊರಗಿನಿಂದ ಬಂದ ಬೈಟುಗಳನ್ನು ಓದುವ ಜಾಗ ಹುಡುಕಿ. ಅಲ್ಲಿ ಯಾವ ಕ್ಲಾಸು ಕಟ್ಟಬೇಕು ಅಂತ ಹೇಳುತ್ತಿರುವುದು ನೀವೋ, ಬೈಟುಗಳೋ ನೋಡಿ. ಬೈಟುಗಳಾಗಿದ್ದರೆ ಕಾಫಿಗೆ ಹೋಗುವ ಮೊದಲು ಸರಿ ಮಾಡಿ. ನಿಮ್ಮಲ್ಲೂ ಇಂಥ ಹಳೇ ಜಾಡಿಗಳ ಕಥೆಗಳಿದ್ದರೆ ಬರೆಯಿರಿ, ಓದಲು ನಾನು ಕಾಯುತ್ತಿರುತ್ತೇನೆ.